ಗೊತ್ತಿರುವವರು ಯಾರು ಎಂದು ಗೊತ್ತಾಗುವುದು ಹೇಗೆ?

ಒಂದು ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ ಒಂದು ಲೇಖನ ಬಂದಿದೆ ಅಂದುಕೊಳ್ಳಿ. ಬಾವಲಿಗಳಿಂದ ಬೇರೆ ಪ್ರಾಣಿಗಳಿಗೆ ವೈರಸ್ ದಾಟುವುದು ಹೇಗೆ ಎಂಬುದು ಅದರ ವಿಷಯ. ಇದು ಅಚ್ಚಿಗೆ ಯೋಗ್ಯವೇ ಎಂದು ಹೇಳಬಲ್ಲ ಇಬ್ಬರನ್ನು ಸಂಪಾದಕರು ಹುಡುಕಬೇಕು. ಆದರೆ ಅವರಿಗೆ ಆ ವಿಷಯ ಅಷ್ಟಾಗಿ ಗೊತ್ತಿಲ್ಲ.

ಇಕ್ಕಟ್ಟು ಇರುವುದು ಇಲ್ಲೇ. ಒಬ್ಬರಿಗೆ ವಿಷಯ ಚೆನ್ನಾಗಿ ಗೊತ್ತಿದೆಯೋ ಇಲ್ಲವೋ ಎಂದು ಅಳೆಯಬೇಕಾದರೆ ಅಳೆಯುವವರಿಗೂ ಆ ವಿಷಯ ಗೊತ್ತಿರಬೇಕು. ಗೊತ್ತಿದ್ದರೆ ಇನ್ನೊಬ್ಬರನ್ನು ಹುಡುಕುವ ಪಾಡು ಯಾಕೆ ಬರುತ್ತಿತ್ತು, ಅಲ್ವಾ?

ಪರಿಣತಿ ಎನ್ನುವುದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ತಲೆಯಲ್ಲಿ, ಕೈಯಲ್ಲಿ ಇರುತ್ತದೆ. ನಮಗೆ ಸಿಗುವುದು ಅದು ಬಿಟ್ಟುಹೋದ ಜಾಡು ಮಾತ್ರ. ಅವರು ಬರೆದ ಲೇಖನಗಳು, ಅವುಗಳನ್ನು ಉಲ್ಲೇಖಿಸಿದ ಬೇರೆಯವರ ಲೇಖನಗಳು, ಹುದ್ದೆ, ಪದವಿ, ಉತ್ತರಿಸಿದ ಪ್ರಶ್ನೆಗಳು, ಬರೆದ ಕೋಡ್, ಜೊತೆಗೆ ಕೆಲಸ ಮಾಡಿದವರ ಮಾತು. ಇವುಗಳಲ್ಲಿ ಯಾವುದೂ ಒಂದೇ ಸಾಲದು. ಹಾಗಾಗಿ ಹಲವು ಜಾಡುಗಳನ್ನು ಕೂಡಿಸಬೇಕು. ಎಲ್ಲರೂ ಇಷ್ಟನ್ನು ಒಪ್ಪುತ್ತಾರೆ. ಕೂಡಿಸುವುದು ಹೇಗೆ ಎಂಬಲ್ಲಿ ನಿಜವಾದ ಕಷ್ಟ ಶುರುವಾಗುತ್ತದೆ.

ಒಂದೊಂದು ಜಾಡೂ ಮೋಸ ಮಾಡುವ ಬಗೆ

ಮೊದಲು ಬರಹವನ್ನೇ ನೋಡೋಣ. ಬಾವಲಿ, ವೈರಸ್ ಎಂಬ ಪದಗಳ ಹತ್ತಿರ ಯಾರ ಹೆಸರು ಹೆಚ್ಚು ಸಲ ಬರುತ್ತದೆಯೋ ಅವರೇ ಬಲ್ಲವರು ಎಂದುಕೊಳ್ಳುವುದು ಸುಲಭದ ದಾರಿ. ಕಂಪ್ಯೂಟರ್‌ಗಳು ಈ ಕೆಲಸವನ್ನು ಮೊದಮೊದಲು ಮಾಡಿದ್ದೂ ಹೀಗೇ. 2001ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ರೂಪಿಸಿದ ಪ್ಯಾನಾಪ್ಟಿಕ್ ಎಕ್ಸ್‌ಪರ್ಟ್ ಎಂಬ ವ್ಯವಸ್ಥೆ ಒಬ್ಬೊಬ್ಬರ ಹೆಸರು ಬರುವ ಕಡತಗಳನ್ನೆಲ್ಲ ಒಟ್ಟಿಗೆ ಹೊಲಿದು, ಆ ವ್ಯಕ್ತಿಯ ಹೆಸರಲ್ಲಿ ಒಂದು ದೊಡ್ಡ ಕಡತ ಮಾಡುತ್ತಿತ್ತು. ನೀವು ಹುಡುಕಿದ ಪದ ಯಾರ ದೊಡ್ಡ ಕಡತಕ್ಕೆ ಚೆನ್ನಾಗಿ ಹೊಂದುತ್ತದೆಯೋ ಅವರ ಹೆಸರು ಮೇಲೆ ಬರುತ್ತಿತ್ತು.

ಒಳ್ಳೆಯ ಆರಂಭವೇ. ಆದರೆ ಒಂದು ಸಂಸ್ಥೆಯ ಕಡತಗಳಲ್ಲಿ ಯಾರ ಹೆಸರು ಎಲ್ಲ ಕಡೆ ಇರುತ್ತದೆ ಎಂದು ಯೋಚಿಸಿ. ಸಭೆಯ ನಡಾವಳಿ ಬರೆಯುವವರದು. ಪ್ರತಿ ಸಭೆಯಲ್ಲೂ ಅವರಿರುತ್ತಾರೆ, ಪ್ರತಿ ವಿಷಯದ ಪಕ್ಕದಲ್ಲೂ ಅವರ ಹೆಸರಿರುತ್ತದೆ. ಕಂಪ್ಯೂಟರ್ ಕಣ್ಣಿಗೆ ಅವರು ಸರ್ವಜ್ಞರಾಗಿ ಕಾಣುತ್ತಾರೆ. ಇದಕ್ಕೆ ಮದ್ದಿದೆ. ಎಲ್ಲ ವಿಷಯದಲ್ಲೂ ಕಾಣುವ ಹೆಸರಿಗೆ ತೂಕ ಕಡಿಮೆ ಮಾಡಬೇಕು. ಹೆಸರು ಮತ್ತು ವಿಷಯದ ಪದ ಒಂದೇ ಕಡತದಲ್ಲಿದ್ದರೆ ಸಾಲದು, ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂದೂ ನೋಡಬೇಕು.

ಇನ್ನೊಂದು ತೊಂದರೆಗೆ ಅಷ್ಟು ಸುಲಭದ ಮದ್ದಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ. ಚೆನ್ನಾಗಿ ಬಲ್ಲವರು ಕೆಲವೊಮ್ಮೆ ಬರೆಯುವುದೇ ಕಡಿಮೆ. ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕೈಯಾಡಿಸಿದ ತಂತ್ರಜ್ಞರ ಹೆಸರು ಯಾವ ಲೇಖನದಲ್ಲೂ ಇರಲಿಕ್ಕಿಲ್ಲ. ಉಪಕರಣ ಕೆಟ್ಟಾಗ ಎಲ್ಲರೂ ಓಡುವುದು ಅವರ ಹತ್ತಿರವೇ.

ಬರಹದ ಬದಲು ಉಲ್ಲೇಖ ನೋಡಿದರೆ? ತಾನು ಏನು ಬರೆದೆ ಎನ್ನುವುದಕ್ಕಿಂತ ಬೇರೆಯವರು ಅದನ್ನು ಎಷ್ಟು ನೆಚ್ಚಿಕೊಂಡರು ಎನ್ನುವುದು ಗಟ್ಟಿ ಪುರಾವೆ ಎನಿಸುತ್ತದೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ಎಂಬ ಅಳತೆ ಕೊಟ್ಟರು. ಒಬ್ಬರ ಎಚ್-ಇಂಡೆಕ್ಸ್ 20 ಎಂದರೆ ಅವರ 20 ಲೇಖನಗಳಲ್ಲಿ ಒಂದೊಂದಕ್ಕೂ ಕನಿಷ್ಠ 20 ಉಲ್ಲೇಖಗಳು ಬಂದಿವೆ ಎಂದರ್ಥ. ಅಳತೆ ಚುಟುಕಾಗಿದೆ, ಬೇಗ ಅರ್ಥವಾಗುತ್ತದೆ. ಆದರೆ ಅದು ವಯಸ್ಸಾದ ಹಾಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕ್ಷೇತ್ರ ದೊಡ್ಡದಿದ್ದರೆ ಉಲ್ಲೇಖ ಜಾಸ್ತಿ, ಚಿಕ್ಕದಿದ್ದರೆ ಕಡಿಮೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಹೇಳಿದ್ದರು. ಈಗಾಗಲೇ ಹೆಸರು ಮಾಡಿದವರಿಗೇ ಇನ್ನಷ್ಟು ಹೆಸರು ಸೇರುತ್ತದೆ. ಅಷ್ಟೇ ಒಳ್ಳೆಯ ಕೆಲಸ ಮಾಡಿದ ಹೊಸಬರು ನೆರಳಲ್ಲಿ ಉಳಿಯುತ್ತಾರೆ. ಉಲ್ಲೇಖ ಎಣಿಸುವಾಗ ನಾವು ಅರ್ಧ ಪರಿಣತಿ, ಅರ್ಧ ಖ್ಯಾತಿ ಎಣಿಸುತ್ತಿರುತ್ತೇವೆ.

ಹುದ್ದೆ ಮತ್ತು ಪದವಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಒಂದು ಕಾಲದ ಪರಿಣತಿಯನ್ನು ಹೇಳುತ್ತವೆ, ಇವತ್ತಿನದನ್ನಲ್ಲ.

ಪ್ರಶ್ನೋತ್ತರದ ಜಾಡು ಮಾತ್ರ ನನಗೆ ತುಂಬ ಹಿಡಿಸಿದೆ. 2007ರಲ್ಲಿ ಜುನ್ ಜಾಂಗ್, ಮಾರ್ಕ್ ಆಕರ್‌ಮನ್, ಲಾಡಾ ಅಡಾಮಿಕ್ ಎಂಬ ಮೂವರು ಜಾವಾ ಪ್ರೋಗ್ರಾಮಿಂಗ್ ಕಲಿಯುವವರ ಒಂದು ಪ್ರಶ್ನೋತ್ತರ ಬಳಗವನ್ನು ಪರೀಕ್ಷಿಸಿದರು. ಯಾರಿಗೆ ಯಾರು ಉತ್ತರ ಕೊಟ್ಟರು ಎಂಬ ಬಲೆಯನ್ನು ಹೆಣೆದು, ಗೂಗಲ್‌ನ ಪೇಜ್‌ರ್‍ಯಾಂಕ್ ತರಹದ, ಅಂದರೆ ಬಲ್ಲವರಿಗೇ ಉತ್ತರ ಕೊಟ್ಟವರಿಗೆ ಹೆಚ್ಚು ತೂಕ ಕೊಡುವ, ಲೆಕ್ಕ ಹಾಕಿದರು. ಜೊತೆಗೆ ಒಂದು ಸರಳ ಲೆಕ್ಕವನ್ನೂ ಇಟ್ಟರು. ಕೊಟ್ಟ ಉತ್ತರಗಳಿಂದ ಕೇಳಿದ ಪ್ರಶ್ನೆಗಳನ್ನು ಕಳೆಯುವುದು, ಬಂದದ್ದನ್ನು ಎರಡರ ಮೊತ್ತದ ವರ್ಗಮೂಲದಿಂದ ಭಾಗಿಸುವುದು. 40 ಉತ್ತರ ಕೊಟ್ಟು 10 ಪ್ರಶ್ನೆ ಕೇಳಿದವರಿಗೆ ಸುಮಾರು 4.2 ಅಂಕ. 4 ಉತ್ತರ ಕೊಟ್ಟು 1 ಪ್ರಶ್ನೆ ಕೇಳಿದವರಿಗೆ 1.3. ಇಬ್ಬರ ಅನುಪಾತ ಒಂದೇ, ಆದರೆ ಮೊದಲನೆಯವರ ಬಗ್ಗೆ ನಮ್ಮ ಭರವಸೆ ಜಾಸ್ತಿ. ಆ ಬಳಗದಲ್ಲಿ ಈ ಸರಳ ಲೆಕ್ಕವೂ ದೊಡ್ಡ ಲೆಕ್ಕಗಳಿಗೆ ಸರಿಸಾಟಿಯಾಗಿ ನಿಂತಿತು. ಯಾಕೆ ಇದು ಚಂದ ಅಂದರೆ, ಕೇಳುವುದೂ ಇಲ್ಲಿ ಪುರಾವೆ. ಏನು ಗೊತ್ತಿಲ್ಲ ಎನ್ನುವುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಕೂಡಿಸುವುದಕ್ಕೆ ಮುಂಚೆ

ಒಂದು ಮಾತನ್ನು ಹಲವರು ಮರೆಯುತ್ತಾರೆ. ಬೇರೆ ಬೇರೆ ಕಡೆಯ ಪುರಾವೆ ಕೂಡಿಸಬೇಕಾದರೆ ಅವೆಲ್ಲ ಒಬ್ಬರೇ ವ್ಯಕ್ತಿಯವು ಎಂದು ಮೊದಲು ಖಚಿತವಾಗಬೇಕು. ಒಂದೇ ಹೆಸರಿನ ಹತ್ತು ಜನ ಸಂಶೋಧಕರಿರಬಹುದು. ಒಬ್ಬರೇ ತಮ್ಮ ಹೆಸರನ್ನು ಮೂರು ಬಗೆಯಲ್ಲಿ ಬರೆದಿರಬಹುದು, ಮದುವೆಯ ನಂತರ ಬದಲಿಸಿರಬಹುದು. ಇಬ್ಬರನ್ನು ಒಬ್ಬರೆಂದು ತಿಳಿದರೆ ಇಲ್ಲದ ಮಹಾತಜ್ಞ ಹುಟ್ಟುತ್ತಾನೆ. ಒಬ್ಬರನ್ನು ಇಬ್ಬರೆಂದು ತಿಳಿದರೆ ಇರುವ ತಜ್ಞೆ ಎರಡು ಹೋಳಾಗಿ, ಎರಡೂ ಹೋಳು ಪಟ್ಟಿಯ ಕೆಳಗೆ ಬೀಳುತ್ತವೆ. 2012ರಲ್ಲಿ ಶುರುವಾದ ಆರ್ಕಿಡ್ ಎಂಬ 16 ಅಂಕೆಗಳ ಗುರುತಿನ ಸಂಖ್ಯೆ ಸಂಶೋಧಕರಿಗೆ ಇದೇ ಕಾರಣಕ್ಕೆ ಬಂದದ್ದು. ಈ ಹಂತದಲ್ಲಿ ತಪ್ಪಿದರೆ ಮುಂದಿನ ಯಾವ ಗಣಿತವೂ ಕೈ ಹಿಡಿಯುವುದಿಲ್ಲ.

ಮತ ಹಾಕಿಸುವುದು

2005ರಿಂದ 2008ರವರೆಗೆ ಅಮೆರಿಕದ ನಿಸ್ಟ್ ಸಂಸ್ಥೆ ನಡೆಸುವ ಟ್ರೆಕ್ ಎಂಬ ಹುಡುಕಾಟದ ಸ್ಪರ್ಧೆಯಲ್ಲಿ 'ತಜ್ಞರನ್ನು ಹುಡುಕಿ' ಎಂಬ ವಿಭಾಗವೇ ಇತ್ತು. ಮೊದಲ ಎರಡು ವರ್ಷ ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂನ 3,31,037 ಕಡತಗಳನ್ನು ಕೊಟ್ಟು, ಈ ವಿಷಯ ಬಲ್ಲವರು ಯಾರು ಹೇಳಿ ಎಂದರು. ಅಲ್ಲಿಂದ ಈ ವಿಷಯಕ್ಕೆ ರಭಸ ಬಂತು.

ಗ್ಲಾಸ್ಗೋ ವಿಶ್ವವಿದ್ಯಾಲಯದ ಕ್ರೇಗ್ ಮ್ಯಾಕ್‌ಡೊನಾಲ್ಡ್ ಮತ್ತು ಈಯಾದ್ ಊನಿಸ್ 2006ರಲ್ಲಿ ಇದನ್ನು ಚುನಾವಣೆಯ ಹಾಗೆ ನೋಡಿದರು. ವಿಷಯಕ್ಕೆ ಹೊಂದುವ ಕಡತಗಳನ್ನು ಮೊದಲು ಹುಡುಕಿ. ಆ ಪ್ರತಿ ಕಡತವೂ ತನ್ನ ಜೊತೆ ನಂಟಿರುವ ಜನರಿಗೆ ಒಂದು ಮತ ಹಾಕುತ್ತದೆ ಎಂದುಕೊಳ್ಳಿ. ಆಮೇಲೆ ಮತ ಎಣಿಸಿ. ಒಬ್ಬೊಬ್ಬರ ಕಡತಗಳನ್ನೆಲ್ಲ ಒಂದೇ ಮುದ್ದೆ ಮಾಡುವುದಕ್ಕಿಂತ, ಕಡತಗಳನ್ನು ಬಿಡಿಬಿಡಿಯಾಗಿ ಇಟ್ಟು ಅವುಗಳ ಮೂಲಕ ಜನರನ್ನು ತಲುಪುವುದು ಮೇಲು ಎಂದು ಅದೇ ವರ್ಷ ಕ್ರಿಸ್ಟಿಯಾನ್ ಬಾಲೋಗ್ ಮತ್ತು ಜೊತೆಗಾರರೂ ತೋರಿಸಿದ್ದರು. ಮುದ್ದೆಯಲ್ಲಿ ಒಂದು ಅತ್ಯುತ್ತಮ ಕಡತದ ದನಿ ನೂರು ಬೇರೆ ಕಡತಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಮತ ಎಣಿಸುವ ವಿಧಾನಗಳೇನೂ ಹೊಸವಲ್ಲ. 1770ರಲ್ಲಿ ಫ್ರಾನ್ಸಿನ ಜಾನ್-ಶಾರ್ಲ್ ದ ಬೋರ್ಡಾ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಎಣಿಕೆಯ ಕ್ರಮ ಇಟ್ಟಿದ್ದರು. ಅದರ ಹುರುಳು ಇಷ್ಟೆ. ಪಟ್ಟಿಯಲ್ಲಿ ನಿಮ್ಮ ಕೆಳಗೆ ಎಷ್ಟು ಜನರಿದ್ದಾರೋ ಅಷ್ಟು ಅಂಕ ನಿಮಗೆ. ಎಲ್ಲ ಪಟ್ಟಿಗಳ ಅಂಕ ಕೂಡಿಸಿದರೆ ಆಯ್ತು. ಉಲ್ಲೇಖದ ಅಂಕ ಸಾವಿರದಲ್ಲಿ, ಬರಹದ ಅಂಕ ದಶಮಾಂಶದಲ್ಲಿ ಇದ್ದಾಗ ಈ ಕ್ರಮ ಬಹಳ ಉಪಯೋಗಕ್ಕೆ ಬರುತ್ತದೆ. ಸ್ಥಾನ ಮಾತ್ರ ನೋಡುವುದರಿಂದ ಅಳತೆಗೋಲುಗಳ ಜಗಳವೇ ಇಲ್ಲ. ಆದರೆ ಮೊದಲನೆಯವರು ಎರಡನೆಯವರಿಗಿಂತ ಕೂದಲೆಳೆಯಷ್ಟು ಮುಂದಿದ್ದರೋ ಹರದಾರಿ ಮುಂದಿದ್ದರೋ ಎಂಬುದು ಅಳಿಸಿಹೋಗುತ್ತದೆ.

ಇನ್ನೊಂದು ಗುಂಪಿನ ವಿಧಾನಗಳನ್ನು ಎಡ್ವರ್ಡ್ ಫಾಕ್ಸ್ ಮತ್ತು ಜೋಸೆಫ್ ಶಾ 1994ರಲ್ಲಿ ಕೊಟ್ಟರು. ಅವುಗಳಲ್ಲಿ ಎರಡನ್ನು ಒಂದು ಪುಟ್ಟ ಲೆಕ್ಕದಲ್ಲಿ ನೋಡೋಣ. ಕ, ಚ, ಟ ಎಂಬ ಮೂವರಿದ್ದಾರೆ. ಬರಹ, ಉಲ್ಲೇಖ, ವೃತ್ತಿವಿವರ ಎಂಬ ಮೂರು ಮೂಲಗಳು ಇವರಿಗೆ 0ಯಿಂದ 1ರವರೆಗೆ ಅಂಕ ಕೊಟ್ಟಿವೆ. ಕ ಅವರಿಗೆ ಬರಹದಲ್ಲಿ 0.9, ಉಳಿದೆರಡರಲ್ಲಿ ಸೊನ್ನೆ. ಚ ಅವರಿಗೆ 0.4, 0.3, 0.3. ಟ ಅವರಿಗೆ 0.5, 0.6, ಕೊನೆಯದರಲ್ಲಿ ಸೊನ್ನೆ.

ಸುಮ್ನೆ ಕೂಡಿಸಿದರೆ ಕ 0.9, ಚ 1.0, ಟ 1.1. ಟ ಗೆದ್ದರು. ಈಗ ಎರಡನೆಯ ವಿಧಾನ. ಮೊತ್ತವನ್ನು, ಸೊನ್ನೆಯಲ್ಲದ ಅಂಕ ಕೊಟ್ಟ ಮೂಲಗಳ ಸಂಖ್ಯೆಯಿಂದ ಗುಣಿಸಿ. ಕ 0.9ರಲ್ಲೇ ಉಳಿದರು, ಟ 2.2 ಆದರು, ಚ 3.0ಕ್ಕೆ ಏರಿದರು. ಚ ಗೆದ್ದರು. ಅಂಕಿಗಳು ಅವೇ, ಗೆದ್ದವರು ಬೇರೆ. ಎರಡನೆಯ ವಿಧಾನಕ್ಕೆ 'ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಕಾಣಿಸಿಕೊಂಡವರು' ಇಷ್ಟ. ಹಲವು ಸಂದರ್ಭಗಳಲ್ಲಿ ಅದು ಒಳ್ಳೆಯ ನಂಬಿಕೆಯೇ. ಹಲವು ಮೂಲಗಳು ಒಂದೇ ಹೆಸರು ಹೇಳಿದರೆ ಅದು ಕಾಕತಾಳೀಯ ಆಗಿರುವ ಸಾಧ್ಯತೆ ಕಡಿಮೆ.

ಆದರೆ ಕ ಅವರ ಆ ಎರಡು ಸೊನ್ನೆಗಳನ್ನು ಇನ್ನೊಮ್ಮೆ ನೋಡಿ. ಅವು ಸೊನ್ನೆಗಳೇ?

ಸುಮ್ಮನಿರುವುದು ಮತ್ತು ಇಲ್ಲ ಎನ್ನುವುದು

ಕ ಅವರ ವೃತ್ತಿವಿವರ ನಮ್ಮ ಬಳಿ ಇಲ್ಲದಿರಬಹುದು. ಅವರ ಲೇಖನ ಕಳೆದ ತಿಂಗಳಷ್ಟೇ ಬಂದಿದ್ದು, ಉಲ್ಲೇಖ ಬರಲು ಸಮಯವೇ ಆಗಿಲ್ಲದಿರಬಹುದು. 'ಇವರಿಗೆ ಗೊತ್ತಿಲ್ಲ' ಎನ್ನುವುದು ಒಂದು. 'ಇವರ ಬಗ್ಗೆ ನನಗೆ ಗೊತ್ತಿಲ್ಲ' ಎನ್ನುವುದು ಇನ್ನೊಂದು. ಸಾಮಾನ್ಯ ಕೂಡಿಕೆಯಲ್ಲಿ ಎರಡಕ್ಕೂ ಸೊನ್ನೆಯೇ ಬೀಳುತ್ತದೆ. ಇದು ಸಣ್ಣ ತಪ್ಪಲ್ಲ. ಹೊಸಬರು, ಕಡಿಮೆ ಬರೆಯುವವರು, ದಾಖಲೆ ಸರಿಯಾಗಿಲ್ಲದ ಸಂಸ್ಥೆಗಳಿಂದ ಬಂದವರು, ಎಲ್ಲರೂ ಇದರಿಂದ ಪಟ್ಟಿಯ ಹೊರಗೆ ಹೋಗುತ್ತಾರೆ.

ಈ ವ್ಯತ್ಯಾಸವನ್ನು ಕೈಬಿಡದ ಒಂದು ಗಣಿತ ಇದೆ. ಆರ್ಥರ್ ಡೆಂಪ್‌ಸ್ಟರ್ 1967ರಲ್ಲಿ ಅಡಿಪಾಯ ಹಾಕಿದ್ದು, ಗ್ಲೆನ್ ಶೇಫರ್ 1976ರಲ್ಲಿ ಕಟ್ಟಿ ನಿಲ್ಲಿಸಿದ್ದು. ಇಲ್ಲಿ ಪ್ರತಿ ಮೂಲಕ್ಕೂ ಒಟ್ಟು 1ರಷ್ಟು ನಂಬಿಕೆ ಕೊಡುತ್ತಾರೆ. ಅದು ಆ ನಂಬಿಕೆಯನ್ನು 'ತಜ್ಞರು ಹೌದು', 'ಅಲ್ಲ', 'ಹೇಳಲಾರೆ' ಎಂಬ ಮೂರರಲ್ಲಿ ಹಂಚಬಹುದು. ಆ ಮೂರನೆಯ ಮನೆಯೇ ಇದರ ಜೀವಾಳ.

ಲೆಕ್ಕ ಮಾಡಿ ನೋಡೋಣ. ಬರಹದ ಮೂಲ ಒಬ್ಬರ ಬಗ್ಗೆ 'ಹೌದು' 0.6, 'ಹೇಳಲಾರೆ' 0.4 ಎನ್ನುತ್ತದೆ. ಉಲ್ಲೇಖದ ಮೂಲ 'ಹೌದು' 0.5, 'ಹೇಳಲಾರೆ' 0.5 ಎನ್ನುತ್ತದೆ. ಎರಡೂ 'ಹೇಳಲಾರೆ' ಎಂದಾಗ ಮಾತ್ರ ಅನಿಶ್ಚಿತತೆ ಉಳಿಯುತ್ತದೆ. ಅದು 0.4 ಗುಣಿಸು 0.5, ಅಂದರೆ 0.2. ಉಳಿದ 0.8 'ಹೌದು'. ಎರಡು ಅರೆಮನಸ್ಸಿನ ಸಾಕ್ಷಿಗಳು ಸೇರಿ ಒಂದು ಗಟ್ಟಿ ಸಾಕ್ಷಿಯಾದವು.

ಈಗ ಮೂರನೆಯ ಮೂಲ 'ಅಲ್ಲ' 0.3, 'ಹೇಳಲಾರೆ' 0.7 ಎನ್ನುತ್ತದೆ ಎಂದುಕೊಳ್ಳಿ. 'ಹೌದು' ಮತ್ತು 'ಅಲ್ಲ' ಡಿಕ್ಕಿ ಹೊಡೆಯುವ ಪಾಲು 0.8 ಗುಣಿಸು 0.3, ಅಂದರೆ 0.24. ಡೆಂಪ್‌ಸ್ಟರ್ ನಿಯಮ ಈ ಜಗಳದ ಪಾಲನ್ನು ತೆಗೆದುಹಾಕಿ, ಉಳಿದ 0.76ನ್ನೇ ಪೂರ್ತಿ 1 ಎಂದು ಹಿಗ್ಗಿಸುತ್ತದೆ. ಕೊನೆಗೆ 'ಹೌದು' ಸುಮಾರು 0.74, 'ಅಲ್ಲ' 0.08, 'ಹೇಳಲಾರೆ' 0.18. ಮೂರನೆಯ ಮೂಲ ಏನೂ ಹೇಳದೆ ಇದ್ದಿದ್ದರೆ ಅದರ ಪೂರ್ತಿ ನಂಬಿಕೆ 'ಹೇಳಲಾರೆ' ಆಗುತ್ತಿತ್ತು, 'ಹೌದು' 0.8 ಹಾಗೇ ಉಳಿಯುತ್ತಿತ್ತು. ಸುಮ್ಮನಿದ್ದದ್ದಕ್ಕೆ ದಂಡ ಇಲ್ಲ.

2013ರಲ್ಲಿ ಕಟರೀನಾ ಮೊರೇರಾ ಮತ್ತು ಆಂಡ್ರಿಯಾಸ್ ವಿಕೆರ್ಟ್ ಈ ಗಣಿತವನ್ನು ಕಂಪ್ಯೂಟರ್ ವಿಜ್ಞಾನದ ಸಂಶೋಧಕರ ಮೇಲೆ ಪ್ರಯೋಗಿಸಿದರು. ಬರಹ, ವೃತ್ತಿವಿವರ, ಉಲ್ಲೇಖದ ಬಲೆ ಇವು ಮೂರನ್ನೂ ಮೂರು ಸೆನ್ಸರ್‌ಗಳಂತೆ ಇಟ್ಟುಕೊಂಡರು. ಯಾವ ಸೆನ್ಸರ್ ಮಾತಿನಲ್ಲಿ ಎಷ್ಟು ಅನಿಶ್ಚಿತತೆ ಇದೆ ಎಂದು ಅಳೆಯಲು ಶಾನನ್‌ರ ಎಂಟ್ರೋಪಿ ಬಳಸಿದರು. ಎಂಟ್ರೋಪಿ ಎಂದಾಗ ಹೆದರಬೇಕಿಲ್ಲ. ಒಂದು ಮೂಲ ನೂರು ಜನಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರೆ ಅದರಿಂದ ನಮಗೆ ತಿಳಿದದ್ದೇನೂ ಇಲ್ಲ, ಎಂಟ್ರೋಪಿ ಹೆಚ್ಚು. ನಾಲ್ಕು ಜನರನ್ನು ಎತ್ತಿ ತೋರಿಸಿದರೆ ತಿಳಿದದ್ದು ಬಹಳ, ಎಂಟ್ರೋಪಿ ಕಡಿಮೆ.

ಈ ನಿಯಮಕ್ಕೂ ಒಂದು ಅಪಾಯದ ತಿರುವಿದೆ. ಲೋತ್ಫಿ ಜಾದೆ 1979ರಲ್ಲಿ ಅದನ್ನು ತೋರಿಸಿದರು. ಇಬ್ಬರು ವೈದ್ಯರು ಒಬ್ಬ ರೋಗಿಯನ್ನು ನೋಡುತ್ತಾರೆ. ಮೊದಲನೆಯವರು ಮೆದುಳುಪೊರೆಯ ಉರಿಯೂತ 0.99, ಗಡ್ಡೆ 0.01 ಎನ್ನುತ್ತಾರೆ. ಎರಡನೆಯವರು ತಲೆಗೆ ಬಿದ್ದ ಪೆಟ್ಟು 0.99, ಗಡ್ಡೆ 0.01 ಎನ್ನುತ್ತಾರೆ. ನಿಯಮ ಹಾಕಿದರೆ ಬರುವ ಉತ್ತರ: ಗಡ್ಡೆ, ನೂರಕ್ಕೆ ನೂರು! ಇಬ್ಬರೂ ಬಹುತೇಕ ತಳ್ಳಿಹಾಕಿದ್ದೇ ಗೆದ್ದುಬಿಟ್ಟಿತು. ಯಾಕೆಂದರೆ 0.9999ರಷ್ಟು ಪಾಲು ಜಗಳದಲ್ಲಿ ಹೋಗಿ, ಉಳಿದ 0.0001ನ್ನೇ ಹಿಗ್ಗಿಸಲಾಯಿತು. ಹಾಗಾಗಿ ಜಗಳದ ಪಾಲು ಎಷ್ಟು ಎಂದು ನೋಡದೆ ಈ ನಿಯಮವನ್ನು ಮುಟ್ಟಬಾರದು. ಜಗಳ ಜೋರಾಗಿದ್ದರೆ ಕೂಡಿಸುವುದನ್ನು ನಿಲ್ಲಿಸಿ, ಮೂಲಗಳು ಒಬ್ಬರನ್ನೇ ಕುರಿತು ಮಾತಾಡುತ್ತಿವೆಯೇ ಎಂದು ಮತ್ತೆ ವಿಚಾರಿಸಬೇಕು.

ಮೂರು ಸಾಕ್ಷಿಗಳು ನಿಜಕ್ಕೂ ಮೂರೇ?

ಇಲ್ಲಿಯವರೆಗಿನ ಎಲ್ಲ ಲೆಕ್ಕಗಳೂ ಒಂದು ನಂಬಿಕೆಯ ಮೇಲೆ ನಿಂತಿವೆ. ಮೂಲಗಳು ಒಂದಕ್ಕೊಂದು ಕಿವಿಯಲ್ಲಿ ಪಿಸುಗುಟ್ಟಿಲ್ಲ ಎಂಬ ನಂಬಿಕೆ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ ತೋರಿಸಿದ ದಾರಿಯಲ್ಲಿ ಒಂದು ಲೆಕ್ಕ ಹಾಕೋಣ. ಮೂವರು ಸಾಕ್ಷಿಗಳು, ಒಬ್ಬೊಬ್ಬರೂ ಹತ್ತರಲ್ಲಿ ಏಳು ಸಲ ಸರಿ ಹೇಳುವವರು. ಅವರು ತಮ್ಮ ಪಾಡಿಗೆ ತಾವು ಯೋಚಿಸಿದರೆ ಬಹುಮತ ಸರಿಯಾಗುವ ಸಾಧ್ಯತೆ 0.784. ಒಬ್ಬರನ್ನು ನೋಡಿ ಉಳಿದಿಬ್ಬರು ನಕಲು ಮಾಡಿದರೆ? ಮೂರು ಮತ ಬಿದ್ದರೂ ಸಾಧ್ಯತೆ 0.7ರಲ್ಲೇ ನಿಲ್ಲುತ್ತದೆ. ಇನ್ನು ಒಬ್ಬೊಬ್ಬರೂ ಹತ್ತರಲ್ಲಿ ನಾಲ್ಕೇ ಸಲ ಸರಿ ಹೇಳುವವರಾದರೆ, ಬಹುಮತ ಸರಿಯಾಗುವುದು 0.352 ಮಾತ್ರ. ಸೊರಗಿದ ಸಾಕ್ಷಿಗಳನ್ನು ಕೂಡಿಸಿದರೆ ಉತ್ತರ ಇನ್ನೂ ಹದಗೆಡುತ್ತದೆ.

ಇದನ್ನು ನಮ್ಮ ವಿಷಯಕ್ಕೆ ತನ್ನಿ. ಒಬ್ಬರಿಗೆ ದೊಡ್ಡ ಹುದ್ದೆ ಸಿಕ್ಕಿದ್ದು ಉಲ್ಲೇಖಗಳಿಂದ. ಹುದ್ದೆ ಸಿಕ್ಕ ಮೇಲೆ ಉಲ್ಲೇಖ ಹೆಚ್ಚಿದವು. ಉಲ್ಲೇಖ ಹೆಚ್ಚಿದ್ದಕ್ಕೆ ಪ್ರಶಸ್ತಿ ಬಂತು, ಪ್ರಶಸ್ತಿ ಬಂದದ್ದಕ್ಕೆ ಸಮಿತಿಗಳಿಗೆ ಕರೆದರು. ನಾವು ಹುದ್ದೆ, ಉಲ್ಲೇಖ, ಪ್ರಶಸ್ತಿ, ಸಮಿತಿ ಎಂದು ನಾಲ್ಕು ಸಾಕ್ಷಿ ಎಣಿಸುತ್ತೇವೆ. ಅದು ಒಂದೇ ಸಾಕ್ಷಿ ನಾಲ್ಕು ಬಾಗಿಲಿನಿಂದ ಬಂದದ್ದು. ಬದಲಿಗೆ ಅವರು ಬೇರೆಯವರ ಹಸ್ತಪ್ರತಿಯಲ್ಲಿ ಹಿಡಿದ ತಪ್ಪುಗಳು, ಕಿರಿಯರು ಕೇಳಿದಾಗ ಕೊಟ್ಟ ಉತ್ತರ, ಬರೆದ ಕೋಡ್ ಇವುಗಳಲ್ಲಿ ಒಂದು ಸೇರಿದರೂ ತೂಕ ನಿಜವಾಗಿ ಹೆಚ್ಚುತ್ತದೆ. ಹೊಸ ಮೂಲ ಸೇರಿಸುವ ಮುಂಚೆ 'ಇದು ಎಷ್ಟು ನಿಖರ' ಎಂದು ಕೇಳುವ ಜೊತೆಗೆ 'ಇದು ತಪ್ಪುವಾಗ ಉಳಿದವೂ ಜೊತೆಗೇ ತಪ್ಪುತ್ತವೆಯೇ' ಎಂದೂ ಕೇಳಬೇಕು. ಬೇರೆ ಬೇರೆ ಕಡೆ ಎಡವುವ ಸಾಧಾರಣ ಮೂಲಗಳು, ಒಂದೇ ಗುಂಡಿಗೆ ಬೀಳುವ ಉತ್ತಮ ಮೂಲಗಳಿಗಿಂತ ಎಷ್ಟೋ ಸಲ ಮೇಲು.

ಸರಿಯಾಗಿ ಹುಡುಕಿದೆವು ಎಂದು ಹೇಳುವವರು ಯಾರು?

ಪಟ್ಟಿ ಬಂತು. ಅದು ಸರಿಯೇ? 2005ರ ಟ್ರೆಕ್‌ನಲ್ಲಿ ಆ ವೆಬ್ ಕನ್ಸೋರ್ಷಿಯಂನ ಒಂದೊಂದು ಕಾರ್ಯಗುಂಪಿನ ಹೆಸರನ್ನೇ ವಿಷಯವಾಗಿ ಕೊಟ್ಟು, ಆ ಗುಂಪಿನ ಸದಸ್ಯರನ್ನೇ ತಜ್ಞರೆಂದು ಎಣಿಸಿದ್ದರು. ಕೆಲಸ ಸುಲಭವಾಯಿತು, ಆದರೆ ಸದಸ್ಯತ್ವವೂ ಇನ್ನೊಂದು ಜಾಡೇ ತಾನೇ? 2007ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ 3,70,715 ಕಡತಗಳನ್ನು ತಂದಾಗ ದಾರಿ ಬದಲಿಸಿದರು. ಹೊರಗಿನವರ ಪ್ರಶ್ನೆಗಳನ್ನು ದಿನಾ ಎದುರಿಸುವ ಅಲ್ಲಿನ ವಿಜ್ಞಾನ ಸಂವಹನಕಾರರನ್ನೇ 'ಈ ವಿಷಯಕ್ಕೆ ನೀವು ಯಾರ ಹತ್ತಿರ ಕಳಿಸುತ್ತೀರಿ' ಎಂದು ಕೇಳಿದರು. ಇದು ನಿಜದ ಬಳಕೆಗೆ ಬಹಳ ಹತ್ತಿರ.

ರೋಜರ್ ಕುಕ್ ಇನ್ನೂ ಮುಂದೆ ಹೋದರು. ಪರಮಾಣು ಸ್ಥಾವರದ ಅಪಾಯದಂಥ ವಿಷಯಗಳಲ್ಲಿ ತಜ್ಞರ ಅಂದಾಜುಗಳನ್ನು ಕೂಡಿಸುವ ಅವರ ವಿಧಾನ 1991ರಲ್ಲಿ ಪುಸ್ತಕವಾಗಿ ಬಂತು. ಅವರು ತಜ್ಞರ ಮುಂದೆ ಅದೇ ಕ್ಷೇತ್ರದ ಕೆಲವು ಪ್ರಶ್ನೆಗಳನ್ನು ಇಡುತ್ತಾರೆ. ಉತ್ತರ ಕೇಳುವವರಿಗೆ ಗೊತ್ತು, ತಜ್ಞರಿಗೆ ಆ ಹೊತ್ತಿಗೆ ಗೊತ್ತಿರುವುದಿಲ್ಲ. ತಜ್ಞರು ಒಂದೇ ಸಂಖ್ಯೆ ಹೇಳುವಂತಿಲ್ಲ, ಇಷ್ಟರಿಂದ ಇಷ್ಟರೊಳಗೆ ಇರುವುದು 90 ಶೇಕಡಾ ಖಾತರಿ ಎಂದು ಹೇಳಬೇಕು. ಹತ್ತರಲ್ಲಿ ಸುಮಾರು ಒಂಬತ್ತು ಸಲ ನಿಜವಾದ ಉತ್ತರ ಆ ಅಂತರದೊಳಗೆ ಬಿದ್ದರೆ ಅವರಿಗೆ ತಮ್ಮ ತಿಳಿವಿನ ಅಂಚು ಗೊತ್ತಿದೆ ಎಂದಾಯಿತು. ಅಂತರವನ್ನು ತುಂಬ ಅಗಲ ಮಾಡಿ ತಪ್ಪಿಸಿಕೊಳ್ಳುವವರಿಗೆ ಅಂಕ ಕಡಿಮೆ. ಆ ಅಂಕವೇ ಮುಂದೆ ಅವರ ಮಾತಿನ ತೂಕ. ಹುದ್ದೆ, ಹೆಸರು ಯಾವುದೂ ಲೆಕ್ಕಕ್ಕಿಲ್ಲ.

ಹಾಗೆ ಪರೀಕ್ಷಿಸುವಾಗ ವಿಷಯವನ್ನು ಕಿರಿದಾಗಿಯೇ ಇಡಬೇಕು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ಹಲಗೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರು. ನಿಜವಾದ ಆಟದ ಜೋಡಣೆಯಾದರೆ ಪಳಗಿದ ಆಟಗಾರರು ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ನೆನಪಿಟ್ಟರು. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿಟ್ಟಾಗ ಆ ಮೇಲುಗೈ ಬಹುತೇಕ ಮಾಯ. ಅದೇ ಹಲಗೆ, ಅದೇ ಕಾಯಿ, ಆದರೂ ಪರಿಣತಿ ಅಲ್ಲಿಗೆ ದಾಟಲಿಲ್ಲ. ವೈರಸ್ ಬಲ್ಲವರೆಲ್ಲ ಬಾವಲಿಯ ವೈರಸ್ ಬಲ್ಲವರಲ್ಲ. ಅದನ್ನು ಬಲ್ಲವರೆಲ್ಲ ಅದು ದಾಟುವ ಬಗೆಯನ್ನು ಬಲ್ಲವರಲ್ಲ.

ಇಷ್ಟೆಲ್ಲ ಮಾಡಿ ನಮ್ಮ ಸಂಪಾದಕರ ಕೈಗೆ ಐದು ಹೆಸರು ಬಂದಿವೆ ಅಂದುಕೊಳ್ಳಿ. ಒಂದು ಮೂಲ ಇನ್ನೂ ಬಾಕಿ ಇದೆ. ಮೊದಲ ಹೆಸರಿನವರಿಗೆ ಪತ್ರ ಬರೆದು ಲೇಖನ ನೋಡಿಕೊಡಿ ಎನ್ನುವ ಜೊತೆಗೆ, ಇದಕ್ಕೆ ಇನ್ಯಾರನ್ನು ಕೇಳಬಹುದು ಎಂದೂ ವಿಚಾರಿಸಬೇಕು. ಕೆಲವೊಮ್ಮೆ ಹೀಗೊಂದು ಉತ್ತರ ಬರುತ್ತದೆ: "ನಾಲ್ಕು ಮತ್ತು ಐದನೆಯ ಭಾಗ ನಾನು ನೋಡಬಲ್ಲೆ. ಮೂರನೆಯ ಭಾಗದ ಅಂಕಿಅಂಶ ನನ್ನ ಕ್ಷೇತ್ರವಲ್ಲ, ಅದಕ್ಕೆ ಇವರನ್ನು ಕೇಳಿ." ಆ ಎರಡನೆಯ ಹೆಸರು ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಸಂಪಾದಕರು ಮುಂದಿನ ಪತ್ರವನ್ನು ಅವರಿಗೇ ಬರೆಯಬೇಕು.